ಮುಲ್ಕಿ, ಗೈರ್ ಮುಲ್ಕಿ

ನಮ್ಮಜ್ಜನ ಟ್ರಂಕಿನಲ್ಲಿ ಉರ್ದುವಿನ ಒಂದು ಕಾಗದ ಇತ್ತು. ಮುಲ್ಕಿ ಸರ್ಟಿಫಿಕೇಟು. ನಿಜಾಮರ ಕಾಲದಲ್ಲಿ ಸರಕಾರಿ ನೌಕರಿ ಬೇಕೆಂದರೆ ಈ ಮುಲುಕಿನವನೇ ಎಂದು ತೋರಿಸಬೇಕಿತ್ತು. ಹೊರಗಿನವನಾದರೆ 15 ವರ್ಷ ಇಲ್ಲಿ ನೆಲೆಸಿರಬೇಕಿತ್ತು. ಅಜ್ಜ ಬೀದರ್ ಜಿಲ್ಲೆಯವ, ಹಾಗಾಗಿ ಹೈದರಾಬಾದಿನಲ್ಲಿ ಮುಲ್ಕಿ. 1952ರಲ್ಲಿ ಹೊರಗಿನವರು ನೌಕರಿ ಕಸಿದರೆಂದು 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂಬ ಕೂಗೆದ್ದು, ಸಿಟಿ ಕಾಲೇಜಿನ ಹತ್ತಿರ ಗೋಲಿಬಾರಾಗಿ ಜನ ಸತ್ತರಲ್ಲ, ಆಗ ಅಜ್ಜನೂ ಕೂಗಿದ್ದನಂತೆ. ನಾಲ್ಕು ವರ್ಷ ಕಳೆದು 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜ ಕೂತಲ್ಲೇ ಕೂತಿದ್ದ, ಹೊರಗಿನವನಾದ. ಇಡ್ಲಿ ಮಾತ್ರ ಅವನಿಗೆ ಕೊನೆತನಕ ಇಷ್ಟ.

ಅದೇ ಊರಿಗೆ ನಾನು 1988ರಲ್ಲಿ ಕೇಂದ್ರ ಸರಕಾರದ ನೌಕರಿಗೆ ಬಂದೆ. ಯಾರೂ ಕಾಗದ ಕೇಳಲಿಲ್ಲ.

2016ರಲ್ಲಿ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸಿದೆ. ಮೊದಲು ಬರುತ್ತಿದ್ದವರು ಸುರಪುರದ ಕಡೆಯ ಗಂಡ ಹೆಂಡತಿ. ಮಳೆ ಕೈಕೊಟ್ಟರೆ ಯಾದಗಿರಿ, ರಾಯಚೂರಿನ ಜನ ಗುಳೆ ಬರುವುದು ಬೆಂಗಳೂರಿಗೆ, ಇಲ್ಲಾ ಇಲ್ಲಿಗೆ. ಬೆಳಿಗ್ಗೆ ಏಳಕ್ಕೆ ಅಡ್ಡಾದಲ್ಲಿ ಬುತ್ತಿ ಹಿಡಿದು ನಿಂತಿರುತ್ತಾರೆ. ಒಂದು ದಿನ ಮೇಸ್ತ್ರಿ ಅವರನ್ನು ಬಿಟ್ಟು ಇಬ್ಬರು ಹೊಸಬರನ್ನು ಕರೆತಂದ. "ಬಾಲಾಪುರದವರು ಸಾರ್, ಸಸ್ತಾ" ಅಂದ. ಗಣೇಶನ ಲಾಡು ಹರಾಜಿಗೆ ಹೆಸರಾದ ಬಾಲಾಪುರ. ಅಲ್ಲಿನ ಗುಡಿಸಲುಗಳಲ್ಲಿ ಬರ್ಮಾದಿಂದ ಓಡಿಬಂದ ರೋಹಿಂಗ್ಯಾಗಳಿದ್ದಾರೆ. ಹೆಚ್ಚಿನವರು ಬಂದದ್ದು 2012ರ ರಖೈನ್ ಗಲಭೆಯ ನಂತರ. ಚಿಂದಿ ಆಯುತ್ತಾರೆ, ಕೂಲಿ ಮಾಡುತ್ತಾರೆ.

ದಿನಕ್ಕೆ 500 ಇದ್ದ ಗಂಡಾಳಿನ ಕೂಲಿ 350 ಆಯಿತು. ಉಳಿದದ್ದರಲ್ಲಿ 100 ನನಗೆ, 50 ಮೇಸ್ತ್ರಿಗೆ. ಇಬ್ಬರು ಆಳು, 40 ದಿನ. 8,000 ರೂಪಾಯಿ ಉಳಿಸಿದೆ. ಹೆಂಡತಿಗೆ ಹೇಳಿ ಖುಷಿಪಟ್ಟೆ ಕೂಡ.

ಸುರಪುರದ ಅಕ್ಕ ಒಂದು ಬೆಳಿಗ್ಗೆ ಗೇಟಿಗೇ ಬಂದಳು. "ಅಣ್ಣಾರ, ನಮ್ ಕೂಲಿ ಯಾಕ್ ಮುರದ್ರಿ?" ಅಂದಳು. ನಾನು ಮೇಸ್ತ್ರಿಯ ಮೇಲೆ ಹಾಕಿದೆ. ಮೇಲೆ ಇಟ್ಟಿಗೆ ಹೊರುತ್ತಿದ್ದವರನ್ನು ಸ್ವಲ್ಪ ಹೊತ್ತು ನೋಡಿ, "ಅವ್ರಿಗೂ ಐನೂರು ಕೊಡ್ರಿ. ಆಗ ನಮ್ಮನ್ನ ಯಾಕ್ ಬಿಡ್ತಾನ ಅವ?" ಅಂದಳು.

ನಾನು ಕೊಡಲಿಲ್ಲ.

ಅವರು ಯಾಕೆ ಕಡಿಮೆಗೆ ಒಪ್ಪುತ್ತಾರೆ ಅನ್ನುವುದು ಕೆಲಸ ಮುಗಿಯುವಾಗ ತಿಳಿಯಿತು. ಮೇಸ್ತ್ರಿ ಕಡೆಯ ಎಂಟು ದಿನದ ಕೂಲಿ ನುಂಗಿದ. ನಾನು ಅವನಿಗೆ ಪೂರ್ತಿ ಕೊಟ್ಟಿದ್ದೆ. ಇಬ್ಬರಲ್ಲಿ ಹಿರಿಯವ ಬಂದು ನನಗೆ ಹೇಳಿದ, ಮುರುಕು ಹೈದರಾಬಾದಿ ಉರ್ದುವಿನಲ್ಲಿ. ಠಾಣೆಗೆ ಹೋಗು ಅಂದೆ. ಅವನು ನಕ್ಕ. ಜೇಬಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡಿತ್ತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ವೀಸಾ ಇಲ್ಲದವ ನಮ್ಮ ಕಾನೂನಿಗೆ ಅಕ್ರಮ ವಲಸಿಗನೇ. ಅವನ ದೇಶವಾದರೂ 1982ರ ಪೌರತ್ವ ಕಾನೂನಿನಿಂದ ಅವನ ಜನವನ್ನು ಹೊರಗಿಟ್ಟಿದೆ. ಇಂಥವನು ಯಾವ ಠಾಣೆಯ ಮೆಟ್ಟಿಲು ಹತ್ತಿಯಾನು? ಮೇಸ್ತ್ರಿಗೆ ಅದು ಗೊತ್ತಿತ್ತು. ಅಗ್ಗದ ಗುಟ್ಟು ಅದೇ. ನಷ್ಟ ಸುರಪುರದವರಿಗೆ, ಲಾಭ ನಮ್ಮಂಥವರಿಗೆ. ಆಮೇಲೆ ನಾವೇ ಸಂಜೆ ಟೀವಿ ಮುಂದೆ ಕೂತು ನುಸುಳುಕೋರರ ಬಗ್ಗೆ ಮಾತಾಡುತ್ತೇವೆ. 2020ರ ಮಹಾನಗರಪಾಲಿಕೆ ಚುನಾವಣೆಯಲ್ಲಂತೂ ಚರಂಡಿಗಿಂತ ರೋಹಿಂಗ್ಯಾ ದೊಡ್ಡ ವಿಷಯವಾಗಿತ್ತು.

ಅವನು ಇನ್ನೊಮ್ಮೆ ಬಂದ, ಆಧಾರ್ ಅರ್ಜಿ ಹಿಡಿದು. ನಾನು ಗೆಜೆಟೆಡ್ ಎಂದು ಯಾರೋ ಹೇಳಿದ್ದರು. ಒಂದು ಹಸಿರು ಶಾಯಿಯ ಸಹಿ ಬೇಕು, ಮಗಳನ್ನು ಶಾಲೆಗೆ ಹಾಕಬೇಕು ಅಂದ. ಹಾಕಲಿಲ್ಲ. ಸುಳ್ಳಿಗೆ ಸಹಿ ಹಾಕಲಾರೆ ಅನ್ನುವುದು ಸರಿಯೇ, ಈಗಲೂ ಸರಿಯೇ. 2020ರ ಫೆಬ್ರುವರಿಯಲ್ಲಿ ಸುಳ್ಳು ದಾಖಲೆ ಕೊಟ್ಟ ಆರೋಪದ ಮೇಲೆ ಆಧಾರ್ ಪ್ರಾಧಿಕಾರ ಹೈದರಾಬಾದಿನ 127 ಜನರಿಗೆ ನೋಟಿಸು ಕೊಟ್ಟಾಗ ನನ್ನ ಎದೆ ಹಗುರಾಯಿತು. ಆದರೆ ಸಹಿ ಒಲ್ಲೆ ಅಂದವನು ಆ ಎಂಟು ದಿನದ ಕೂಲಿಯನ್ನಾದರೂ ಕೈಯಿಂದ ಕೊಡಬಹುದಿತ್ತಲ್ಲ? 2,800 ರೂಪಾಯಿ. ಅವನ ಹೆಸರಿನ ಲೆಕ್ಕ ನನ್ನ ಡೈರಿಯಲ್ಲೇ ಇತ್ತು.

ಅದನ್ನು ಹಿಡಿದು ಬಾಲಾಪುರಕ್ಕೆ ಹೋದದ್ದು ಆ ನೋಟಿಸಿನ ಸುದ್ದಿ ಓದಿದ ಮೇಲೆ, ನಾಲ್ಕು ವರ್ಷ ತಡವಾಗಿ. ಗುಡಿಸಲಿನಲ್ಲಿ ಬೇರೆ ಸಂಸಾರ ಇತ್ತು. ಮೇವಾತಕ್ಕೆ ಹೋದ ಎಂದ ಒಬ್ಬ. ಅಲ್ಲ, ಜಮ್ಮುವಿಗೆ ಎಂದ ಇನ್ನೊಬ್ಬ. ಮರುವರ್ಷ ಮಾರ್ಚಿನಲ್ಲಿ ಜಮ್ಮುವಿನಲ್ಲಿ 150ಕ್ಕೂ ಹೆಚ್ಚು ರೋಹಿಂಗ್ಯಾಗಳನ್ನು ಹಿಡಿದು ಹೀರಾನಗರದಲ್ಲಿ ಕೂಡಿಟ್ಟ ಸುದ್ದಿ ಬಂತು. ಎರಡು ಸಲ ಓದಿದೆ. ಪತ್ರಿಕೆಯಲ್ಲಿ ಹೆಸರುಗಳಿರಲಿಲ್ಲ, ಸಂಖ್ಯೆ ಇತ್ತು.