ಧರ್ಮಸ್ಥಳದಲ್ಲಿ ಕಲ್ಯಾಣದ ನೆನಪು

ಬಂಟ್ವಾಳವನ್ನು ದಾಟಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವನ್ನು ನಾವು ಸೇರಿದಾಗ ನೇತ್ರಾವತಿಯಲ್ಲಿ ಭಕ್ತರು ಮೀಯುತ್ತಿದ್ದರು. ಶಿವಾಲಯವಿದು, ಧರ್ಮಾಧಿಕಾರಿಗಳು ಜೈನರು, ಅರ್ಚಕರು ವೈಷ್ಣವರು. ಡಾ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹ ಇಲ್ಲಿ ನಡೆದುಬಂದಿದೆ. ವರದಕ್ಷಿಣೆಗೆ ಎಡೆಯಿಲ್ಲ, ಸೀರೆ, ಧೋತ್ರ, ತಾಳಿಗಳನ್ನು ಕ್ಷೇತ್ರವೇ ಕೊಡುತ್ತದೆ. ಜಾತಿಯ ಗೆರೆ ದಾಟಿದ ವಧೂವರರೂ ಇಲ್ಲಿ ಪರಸ್ಪರ ಕೈಹಿಡಿದಿದ್ದಾರೆ.

ನಮಗೆ ಕಲ್ಯಾಣ ನೆನಪಾಯಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಲಗ್ನಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಶರಣರ ಚರಿತೆ ಹೇಳುತ್ತದೆ. ಆ ಶರಣರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಲಗ್ನದ ಮಾತು ಇಂದಿಗೂ ಒಳಪಂಗಡ ಕೇಳಿಯೇ ಮೊದಲಾಗುತ್ತದೆ. ಎಷ್ಟೋ ಕಡೆ ಹೊಲ ಮಾರಿ ಮುಗಿಯುತ್ತದೆ. ಮಠದಲ್ಲಿ ವಚನ ಬೋಧಿಸಿದ ನಾವೂ ಇದನ್ನು ಕಂಡು ಸುಮ್ಮನಿದ್ದೆವು. ಆ ಮೌನಕ್ಕೆ ಇಲ್ಲಿ ನಾಚಿದೆವು. ಮಕ್ಕಳ ಲಗ್ನ ನಿಶ್ಚಯಿಸುವ ಶರಣಬಂಧುಗಳು ಮೊದಲು ಈ ಚಪ್ಪರವನ್ನೊಮ್ಮೆ ನೋಡಿ ಬರಲಿ.