ಗಾಳಿ ಹೋತೇನಬೇ?

ಅವ್ವನ ಹೊಟ್ಟೆಯಿಂದ ನಳಿಕೆಯಲ್ಲಿ ಇಳಿಯುವ ನೀರಿನ ಬಣ್ಣ ಬದಲಾಗಿದೆ. ನಿನ್ನೆ ತಿಳಿಗೆಂಪಿತ್ತು, ಈಗ ಮಬ್ಬು ಹಸಿರು. ಬಗ್ಗಿ ನೋಡುತ್ತೀರಿ. ಮೂಗಿಗೆ ಬಡಿಯುವುದು ಔಷಧಿಯ ವಾಸನೆಯಲ್ಲ, ಹೊಟ್ಟೆಯೊಳಗಿನದು. ಅವ್ವನ ಕೈ ಕಾದ ಹಂಚು. ಪರದೆಯ ಮೇಲೆ ನಾಡಿ 128.

ಇದು ಮಿರಜ. ವಿಲಿಯಂ ವಾನ್‌ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಕೃಷ್ಣೆಯ ದಂಡೆಯವರು ದೊಡ್ಡ ಜಡ್ಡಿಗೆಲ್ಲ ಈ ಊರಿನ ದಾರಿ ಹಿಡಿಯುತ್ತ ಬಂದರು. ನೀವೂ ತುಬಚಿಯಿಂದ ಅಥಣಿ, ಕಾಗವಾಡ ದಾಟಿ ಅವ್ವನನ್ನು ಕರೆತಂದಿರಿ. ದೊಡ್ಡ ಕರುಳಿನ ಗಡ್ಡೆ ತೆಗೆದು, ತುದಿಗಳನ್ನು ಕೂಡಿಸಿ ಹೊಲಿದರು. ದಿನಾ ಬೆಳಗ್ಗೆ ಡಾಕ್ಟರ್ ಕೇಳುತ್ತಿದ್ದುದು ಒಂದೇ: "ಗಾಳಿ ಹೋತೇನಬೇ?" ಮಲಗಿದ ಕರುಳು ಎದ್ದಿದೆಯೋ ಇಲ್ಲವೋ ಅದರಿಂದ ತಿಳಿಯುತ್ತದೆ. ಅವ್ವ ಸೆರಗು ಬಾಯಿಗಿಟ್ಟು ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಈಗ ಡಾಕ್ಟರ್ ಕೇಳುವುದಿಲ್ಲ. ಹೊಟ್ಟೆ ಮುಟ್ಟುತ್ತಾರೆ; ಹಲಗೆಯಂತೆ ಬಿಗಿದಿದೆ. ಅವ್ವ ಚೀರುತ್ತಾಳೆ.

"ಹೊಲಿಗಿ ಬಿಟ್ಟೈತ್ರಿ. ಒಳಗ ಸೋರಾಕತ್ತೈತಿ. ಈಗ ಮತ್ತ ಹೊಟ್ಟಿ ತೆಗೀಬೇಕು. ಕರುಳಿನ ತುದಿ ಹೊರಗ ತಂದು ಚೀಲ ಹಚ್ಚತೀವಿ. ತಡಾ ಆದ್ರ ನಂಜು ಮೈಗೆಲ್ಲಾ ಏರತೈತಿ."

ಮೊದಲ ಸಲ ಕೊಯ್ದಾಗಲೇ ಅವ್ವ ಹೇಳಿದ್ದಳು, ಇನ್ನೊಮ್ಮೆ ಬ್ಯಾಡ ಅಂತ. ಫಾರ್ಮು ನಿಮ್ಮ ಕೈಯಲ್ಲಿದೆ. ಅಣ್ಣನಿಗೆ ಫೋನ್ ಹಚ್ಚುತ್ತೀರಿ. ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗು, ಟ್ರ್ಯಾಕ್ಟರ್ ಸದ್ದು. "ಕಣ್ಣೆದುರಿಗೆ ನೀ ಅದಿ. ನೀನ ನೋಡು." ಪೆನ್ನು ಬೆವರಿಗೆ ಜಾರುತ್ತದೆ. ಅವಳಿಗೆ ಎಚ್ಚರವಿರುವಾಗ ಕೇಳದೆ ಗೀಚುವುದು ತಪ್ಪು ಅನ್ನಿಸುತ್ತದೆ. ಕಿವಿಯ ಹತ್ತಿರ ಬಾಗುತ್ತೀರಿ.

"ಯವ್ವಾ, ಹೊಟ್ಟಿ ಮ್ಯಾಲೆ ಚೀಲ ಹಚ್ಚತಾರ."

"ತೊಳಿಯಾವ್ರು ಯಾರೋ?"

"ನಾನ."

ಒಣ ತುಟಿ ಅಲುಗುತ್ತದೆ. "ಹಂಗಾರ ಆಗಲಿ."

ಸಹಿ. ಸ್ಟ್ರೆಚರ್. ರಕ್ತದ ಬಾಟಲಿ ತನ್ನಿ ಅನ್ನುತ್ತಾರೆ. ಓಡುತ್ತೀರಿ. ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು. ಬಾಗಿಲ ಮೇಲೆ ಕೆಂಪು ದೀಪ. ಬಾಯಲ್ಲಿ ಕಹಿ ನೀರು. ಯಾರೋ ಚಹಾ ಕೊಡುತ್ತಾರೆ, ಕುಡಿದಿರೋ ಇಲ್ಲವೋ ನೆನಪಿಲ್ಲ.

ಐಸಿಯುವಿನಲ್ಲಿ ಯಂತ್ರ ಅವಳ ಪರವಾಗಿ ಉಸಿರಾಡುತ್ತದೆ. ಗಂಟಲಿನ ನಳಿಕೆ ತೆಗೆದ ಮೇಲೆ ಮೂರು ಗುಂಡುಗಳ ಪ್ಲಾಸ್ಟಿಕ್ ಡಬ್ಬಿ ಕೈಗೆ ಬರುತ್ತದೆ. ಉಸಿರೆಳೆದು ಗುಂಡು ಎತ್ತಬೇಕು, ಇಲ್ಲದಿದ್ದರೆ ಎದೆಯಲ್ಲಿ ಕಫ ಕೂತು ನ್ಯುಮೋನಿಯಾ ಆದೀತು. ಒಂದು ಗುಂಡು ನಡುಗುತ್ತ ಏರುತ್ತದೆ, ಬೀಳುತ್ತದೆ. ಗಾಯ ಹಿಡಿದುಕೊಂಡು ಮತ್ತೆ ಎಳೆಯುತ್ತಾಳೆ.

ಒಂದು ಬೆಳಗ್ಗೆ ಚೀಲ ಉಬ್ಬಿ ನಿಂತಿದೆ. ಹೆದರಿ ಸಿಸ್ಟರನ್ನು ಕೂಗುತ್ತೀರಿ. ಆಕೆ ನಗುತ್ತಾಳೆ: "ಗಾಳಿರೀ ಅದು! ಕರುಳು ಎದ್ದೈತಿ."

ಇನ್ನು ನಿಮ್ಮ ಕೆಲಸ. ಚೀಲದ ಬಾಯಿ ಬಿಚ್ಚುವುದು, ಅಳೆಯುವುದು, ಬರೆಯುವುದು. ಹೊರಗೆ ಹರಿದುಹೋಗುವ ನೀರು-ಉಪ್ಪಿಗೆ ಬದಲಾಗಿ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುವುದು. ಮೊದಲ ಸಲ ವಾಸನೆಗೆ ಹೊಟ್ಟೆ ತೊಳಸುತ್ತದೆ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದ್ದಾಳೆ, ಕಣ್ಣಂಚಿನಲ್ಲಿ ಮಾತ್ರ ನಿಮ್ಮ ಕೈ ನೋಡುತ್ತಿದ್ದಾಳೆ.

"ಬಾಯಿ ಬಿಗಿಯಾಗಿ ಹಿಡಿಯೋ ತಮ್ಮಾ, ಸೀರಿಗೆ ಸೋರೀತು."