ಅವ್ವನ ಪಂಪು, ನಾನು ಕಳಿಸದ ಸುದ್ದಿ

ಅವ್ವ ಇನ್‌ಹೇಲರ್ ಅನ್ನುವುದಿಲ್ಲ, ಪಂಪು ಅನ್ನುತ್ತಾಳೆ. ಅವಳ ಹತ್ತಿರ ಎರಡು ಪಂಪುಗಳಿವೆ. ನೀಲಿ ಬಣ್ಣದ್ದು ಸಾಲ್ಬುಟಮಾಲ್, ದಮ್ಮು ಹತ್ತಿದಾಗ ತಗೊಳ್ಳುವುದು. ಇನ್ನೊಂದು ಬುಡೆಸೊನೈಡ್, ದಮ್ಮು ಇರಲಿ ಬಿಡಲಿ, ದಿನಾ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ತಗೊಳ್ಳಬೇಕಾದ್ದು. ಅವ್ವ ಹದಿನೈದು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಅಸ್ತಮಾ ಆ ಘಾಟಿನಿಂದಲೇ ಬಂತೋ, ಮೊದಲೇ ಇತ್ತೋ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಿಲ್ಲ. ಘಾಟು ಬಡಿದರೆ ಹೆಚ್ಚಾಗುತ್ತದೆ ಎಂಬುದಷ್ಟೇ ನಮಗೆ ಗೊತ್ತು.

ಎರಡೂ ಪಂಪು ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ, ಸ್ಟಾಕ್ ಇದ್ದರೆ. ತಿಂಗಳಿಗೊಮ್ಮೆ ಚೀಟಿ ಮಾಡಿಸಿ, ಡಾಕ್ಟರ್ ಹತ್ತಿರ ಬರೆಸಿಕೊಂಡು, ಔಷಧಿ ಕೊಡುವ ಕಿಟಕಿಯ ಮುಂದೆ ನಿಲ್ಲಬೇಕು. ಒಂದು ಸಲಕ್ಕೆ ಒಂದೊಂದೇ. ಹೋದ ವರ್ಷ ಮಳೆಗಾಲದಲ್ಲಿ ಎರಡು ತಿಂಗಳು ಸತತವಾಗಿ "ಇಂಡೆಂಟ್ ಹಾಕೀವ್ರಿ, ಇನ್ನೂ ಬಂದಿಲ್ಲ" ಅಂದರು. ಬಸ್ ಚಾರ್ಜು, ಅರ್ಧ ದಿನದ ಕೆಲಸ ಎರಡೂ ಹೋದವು.

ನನ್ನೊಳಗಿನ ಸ್ಟ್ರಿಂಗರ್‌ಗೆ ಇದು ಸುದ್ದಿ ಅನ್ನಿಸಿತು. 'ಇನ್‌ಹೇಲರ್ ಕೊರತೆ: ಅಸ್ತಮಾ ರೋಗಿಗಳ ಪರದಾಟ' ಎಂದು ತಲೆಬರಹವನ್ನೂ ಬರೆದಿಟ್ಟೆ. ಕಿಟಕಿಯ ಮುಂದೆ ನಿಂತಿದ್ದ ಮೂವರನ್ನು ಮಾತಾಡಿಸಿದೆ. ಆಸ್ಪತ್ರೆಯವರ ಪ್ರತಿಕ್ರಿಯೆಗೆ ಕಾಯುತ್ತಿದ್ದೆ. ಮನೆಯಲ್ಲೇ ಇದ್ದ ರೋಗಿಯನ್ನು ಮಾತ್ರ ಏನೂ ಕೇಳಲಿಲ್ಲ.

ಅದೇ ವಾರ ಒಂದು ರಾತ್ರಿ ಎರಡು ಗಂಟೆಗೆ ಅವ್ವ ಎದ್ದು ಕೂತಿದ್ದಳು. ಗೋಡೆಗೆ ಕೈ ಊರಿ, ಹೆಗಲು ಏರಿಸಿ ಉಸಿರೆಳೆಯುತ್ತಿದ್ದಳು. ನೀಲಿ ಪಂಪು ಒತ್ತಿದರೆ ಬುಸ್ ಅನ್ನುತ್ತಿತ್ತು, ಆದರೆ ದಮ್ಮು ಇಳಿಯಲಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು, ತಂಗಿಯನ್ನು ಅವಳ ಬೆನ್ನಿಗೆ ಆತು ಕೂರಿಸಿ ಆಸ್ಪತ್ರೆಗೆ ಓಡಿದೆ. ನೆಬುಲೈಸರ್ ಹಾಕಿ ಅರ್ಧ ಗಂಟೆಯಾದ ಮೇಲೆ ಅವ್ವನ ಬಾಯಿಂದ ಪೂರ್ತಿ ಮಾತು ಬಂತು.

ರಾತ್ರಿ ಪಾಳಿಯ ಡಾಕ್ಟರಮ್ಮ ಬೈಯಲಿಲ್ಲ. "ಅವ್ವಾರ, ನೀಲಿದು ಒಂದು ಎಷ್ಟು ದಿನ ಬರ್ತೈತ್ರಿ?" ಎಂದು ಕೇಳಿದರು.

"ಇಪ್ಪತ್ತು ದಿನ ಬರ್ತೈತ್ರಿ. ಇಲ್ಲಿ ಕೊಟ್ಟಿದ್ದು ಸಾಲೂದಿಲ್ಲ, ಮೆಡಿಕಲ್ ಶಾಪಿನಾಗ ತಗೋತೀನಿ."

"ಇನ್ನೊಂದು?"

ಅವ್ವ ನನ್ನ ಮುಖ ನೋಡಿದಳು. "ಅದು ಇನ್ನೂ ಐತ್ರಿ. ಉಗಾದಿಗೆ ಕೊಟ್ಟಿದ್ದು."

ಡಾಕ್ಟರಮ್ಮ ಲೆಕ್ಕ ಹೇಳಿದರು. ಒಂದೊಂದರಲ್ಲೂ 200 ಸಲದ ಔಷಧಿ. ದಿನಕ್ಕೆ ನಾಲ್ಕು ಸಲದಂತೆ ಬುಡೆಸೊನೈಡ್ 50 ದಿನಕ್ಕೆ ಮುಗಿಯಬೇಕು, ಅದು ಯುಗಾದಿಯಿಂದ ಮಳೆಗಾಲದವರೆಗೂ ಉಳಿದಿತ್ತು. ನೀಲಿಯದು ಇಪ್ಪತ್ತು ದಿನಕ್ಕೆ ಮುಗಿದರೆ ದಿನಕ್ಕೆ ಹತ್ತು ಸಲ, ವರ್ಷಕ್ಕೆ 18 ಪಂಪು. ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ವರ್ಷಕ್ಕೆ ಮೂರು ನೀಲಿ ಪಂಪು ಆದಾಗಲೇ ಎಚ್ಚರಿಸುತ್ತದೆ. ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳನ್ನು ಪರಿಶೀಲಿಸಿದ 2014ರ ವರದಿಯನ್ನು ನಾನು ಆಮೇಲೆ ಓದಿದೆ. ನೀಲಿ ಪಂಪಿನ ಲೆಕ್ಕ ಸಿಕ್ಕ 165 ಮೃತರಲ್ಲಿ 65 ಜನಕ್ಕೆ ಸಾಯುವ ಮುಂಚಿನ ವರ್ಷದಲ್ಲಿ 12ಕ್ಕಿಂತ ಹೆಚ್ಚು ಬರೆದುಕೊಡಲಾಗಿತ್ತು. ಓದಿ ಫೋನು ಕೆಳಗಿಟ್ಟು ಅವ್ವ ಮಲಗಿದ ಕೋಣೆಗೆ ಹೋಗಿ ಬಂದೆ.

ಅವ್ವ ಹಾಗೇಕೆ ಮಾಡಿದಳು? ಕೇಳಿದಾಗ ಅವಳು ಹೇಳಿದ್ದು ಸರಳವಾಗಿತ್ತು. ನೀಲಿಯದು ಹೊಡೆದ ಐದು ನಿಮಿಷಕ್ಕೆ ಎದೆ ಹಗುರಾಗುತ್ತದೆ. ಇನ್ನೊಂದನ್ನು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಮೇಲಾಗಿ ದಿನಾ ತಗೊಂಡರೆ ಚಟ ಹತ್ತುತ್ತದೆ ಅಂತ ಓಣಿಯವರು ಹೇಳಿದ್ದರು. "ಮತ್ತ ಮುಂದಿನ ತಿಂಗಳ ಸಿಗತೈತೋ ಇಲ್ಲೋ ತಮ್ಮಾ, ಉಳಿಸಿ ಇಟ್ಟಿದ್ದೆ" ಎಂದಳು.

ಶ್ವಾಸನಾಳದ ಒಳಗಿನ ಬಾವನ್ನು ನಿಧಾನವಾಗಿ ಇಳಿಸುವುದು ಆ 'ಏನೂ ಗೊತ್ತಾಗದ' ಪಂಪು. ನೀಲಿಯದು ಬಿಗಿದ ನಾಳವನ್ನು ಕೆಲವು ತಾಸು ಸಡಿಲಿಸುತ್ತದೆ, ಬಾವು ಹಾಗೇ ಇರುತ್ತದೆ. ಅವ್ವ ಉಳಿಸಬಾರದ್ದನ್ನು ಉಳಿಸಿದ್ದಳು. ಆದರೆ ಉಳಿಸುವುದನ್ನು ಅವಳಿಗೆ ಕಲಿಸಿದ್ದು ಆ ಕಿಟಕಿಯೇ. ಕೊರತೆ ಎರಡು ತಿಂಗಳದ್ದು, ಅದರ ಹೆದರಿಕೆ ವರ್ಷಪೂರ್ತಿ ಇತ್ತು. ನನ್ನ ಸುದ್ದಿಯಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಹಾಗಾಗಿ ಅದನ್ನು ಕಳಿಸಲಿಲ್ಲ.

ಈಗ ಮನೆಯಲ್ಲಿ ಕೆಲವು ಬದಲಾವಣೆ ಆಗಿವೆ. ನಮ್ಮ ಪಂಪಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿ ಇಲ್ಲ. ಔಷಧಿ ಮುಗಿದ ಮೇಲೂ ಅದು ಬುಸ್ ಅನ್ನುತ್ತದೆ, ಅಲ್ಲಾಡಿಸಿದರೂ ನೀರಿಗೆ ಹಾಕಿದರೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಶುರು ಮಾಡಿದ ತಾರೀಕನ್ನು ಪಂಪಿನ ಮೇಲೆ ಬರೆದು, 50ನೇ ದಿನಕ್ಕೆ ಹತ್ತು ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಆ ಹತ್ತು ದಿನದೊಳಗೆ ಆಸ್ಪತ್ರೆಯಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರದಲ್ಲಿ ತರುತ್ತೇನೆ. ಸ್ಪೇಸರ್ ತಂದಿದ್ದೇವೆ. ಬುಡೆಸೊನೈಡ್ ತಗೊಂಡ ಮೇಲೆ ಅವ್ವ ಬಾಯಿ ಮುಕ್ಕಳಿಸುತ್ತಾಳೆ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಆಗುತ್ತದೆ.

ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಅವು ತಪ್ಪದೆ ಸಿಗಬೇಕು ಎಂದು ಈಗಲೂ ಬರೆಯುತ್ತೇನೆ. ಆದರೆ ಕಿಟಕಿಯ ಮುಂದೆ ನಿಂತವರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: "ಮನೆಯಲ್ಲಿ ಯಾವುದು ಉಳಿದಿದೆ?" ಹೋದ ವಾರ ಕೇಳಿದ ನಾಲ್ವರಲ್ಲಿ ಮೂವರು ಅವ್ವ ಹೇಳಿದ ಉತ್ತರವನ್ನೇ ಹೇಳಿದರು. ಆ ಸುದ್ದಿ ಬರೆಯುತ್ತಿದ್ದೇನೆ.

ಅವ್ವನ ನೀಲಿ ಪಂಪು ದೀಪಾವಳಿಗೆ ತಂದದ್ದು, ಇನ್ನೂ ಇದೆ.